ಅಲ್ಯುಮಿನಿಯಂ ಅಳಿಯ

ಓಡಿ ಹೆಸರು ಮಾಡಿದವರಿದ್ದಾರೆ, ಈಜಿ ಹೆಸರು ಮಾಡಿದವರಿದ್ದಾರೆ, ಬೆಟ್ಟ ಹತ್ತಿ ಬಾವುಟ ನೆಟ್ಟು ಹೆಸರು ಮಾಡಿದವರೂ ಇದ್ದಾರೆ. ನಮ್ಮ ಗುಮಾಸ್ತ ಹೆಸರು ಮಾಡಿದ್ದು ಕೂತು. ಅದೂ ತಾನಾಗಿ ಬಯಸಿ ಅಲ್ಲ. ಪಾಪ, ಅವನು ತನ್ನ ಪಾಡಿಗೆ ತಾನು ಕೂತಿದ್ದ. ಕೀರ್ತಿಯೇ ಹುಡುಕಿಕೊಂಡು ಬಂದು ಅವನ ಕೆಳಗೆ ಸೇರಿಕೊಂಡಿತು.

ಅವನಿದ್ದದ್ದು ಒತ್ತಡ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ನಡೆಯುವುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹಿಚುಕುವ ಕೆಲಸ. ಸ್ಪಂಜು, ರಬ್ಬರು, ಮರಳು, ಎಣ್ಣೆ, ನೀರು, ಅಂಟು, ಕೈಗೆ ಏನು ಸಿಕ್ಕಿತೋ ಅದನ್ನು ಯಂತ್ರದ ಕೆಳಗಿಟ್ಟು ಒತ್ತುವುದು, ಒತ್ತಿದಾಗ ಅದೇನು ಮಾಡುತ್ತದೆ ಎಂದು ನೋಡುವುದು. ಕೆಲವು ಕುಗ್ಗುತ್ತವೆ. ಕೆಲವು ಕುಗ್ಗದೆ ಪಕ್ಕಕ್ಕೆ ಜಾರಿಕೊಳ್ಳುತ್ತವೆ. ಇನ್ನು ಕೆಲವು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಸಹಿಸಿಕೊಂಡು ಕೊನೆಗೆ ಒಮ್ಮೆಲೇ ಸಿಡಿಯುತ್ತವೆ. ಸಂಸಾರಸ್ಥರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ವಿಜ್ಞಾನಕ್ಕೆ ಪುರಾವೆ ಬೇಕು.

ಗುಮಾಸ್ತನಿಗೂ ವಿಜ್ಞಾನಕ್ಕೂ ಇದ್ದ ನಂಟು ಅಷ್ಟಕ್ಕಷ್ಟೆ. ಬಂದ ಟಪಾಲಿಗೆ ಮುದ್ರೆ ಒತ್ತುವುದು ಅವನ ಕೆಲಸ. ಆ ಮಟ್ಟಿಗೆ ಅವನದೂ ಒತ್ತುವ ಕೆಲಸವೇ. ಆಳು ಸಪೂರ, ಕಡ್ಡಿಗೆ ಬಟ್ಟೆ ತೊಡಿಸಿದ ಹಾಗೆ. ಆದರೆ ಬೆಳಿಗ್ಗೆ ಬಂದು ಕುರ್ಚಿಯ ಮೇಲೆ ಕೂತನೆಂದರೆ ಮುಗಿಯಿತು. ಕಾಲು ಅಲ್ಲಾಡಿಸುವುದಿಲ್ಲ, ಒಂದು ಪಕ್ಕಕ್ಕೆ ವಾಲುವುದಿಲ್ಲ, ಮೈ ಮುರಿಯುವುದಿಲ್ಲ. ಕಿಟಕಿಯಿಂದ ಗಾಳಿ ಬೀಸಿ ಎಲ್ಲರ ಮೇಜಿನ ಕಾಗದ ಹಾರಿದರೂ ಅವನು ಮಾತ್ರ ಇದ್ದಲ್ಲೇ ಇರುತ್ತಿದ್ದ. ಕಚೇರಿಯವರು ಅವನಿಗೆ ಪೇಪರ್‌ವೇಟು ಎಂದು ಹೆಸರಿಟ್ಟಿದ್ದರು. ಅವನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಮನೆಯಲ್ಲಿ, ಮಾವನ ಬಗ್ಗೆ.

ಮಾವ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಓಡುವ ಬಸ್ಸಿನಲ್ಲಿ ನಿಂತು ದುಡಿದವರು. ಜಗತ್ತಿನಲ್ಲಿ ಎರಡೇ ಜಾತಿ ಎಂಬುದು ಅವರ ಖಚಿತ ಅಭಿಪ್ರಾಯ: ನಿಂತವರು, ಕೂತವರು. ಹೆಣ್ಣು ನೋಡಲು ಗುಮಾಸ್ತ ಹೋಗಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕೆಲಸ ನಿಂತು ಮಾಡೋದೋ, ಕೂತು ಮಾಡೋದೋ?"

"ಕೂತು ಮಾಡೋದು."

"ಹ್ಞೂಂ," ಅಂದಿದ್ದರು ಮಾವ. ಆ "ಹ್ಞೂಂ" ಮದುವೆಯಾಗಿ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದರೂ ಮುಗಿದಿರಲಿಲ್ಲ. ಅಳಿಯನ ಎದುರಿಗೆ ಅವರು ಅವನನ್ನು ಏನೂ ಕರೆಯುತ್ತಿರಲಿಲ್ಲ. ಹಿಂದಿನಿಂದ "ಇವನು" ಅನ್ನುತ್ತಿದ್ದರು. ಮಗಳ ಹತ್ತಿರ "ನಿನ್ನ ಗಂಡ" ಅನ್ನುತ್ತಿದ್ದರು. ಸಂದರ್ಭ ಸಿಕ್ಕಾಗಲೆಲ್ಲ "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆ. ಸಂದರ್ಭ ಸಿಗದಿದ್ದರೆ ತಾವೇ ಒಂದನ್ನು ಹುಡುಕಿ ತರುತ್ತಿದ್ದರು.

ಇದರಿಂದ ನೊಂದವಳು ಗುಮಾಸ್ತನ ಹೆಂಡತಿ. ಅಪ್ಪನ ಮುಂದೆ ಗಂಡನ ಪರ ವಕಾಲತ್ತು ಮಾಡಿ ಮಾಡಿ ಅವಳಿಗೆ ಸಾಕಾಗಿತ್ತು. "ನೀವೇನೂ ಅವರನ್ನ ಹೊಗಳೋದು ಬೇಡಪ್ಪಾ. ಸಾಯೋದ್ರೊಳಗೆ ಒಂದು ಸಾರಿ 'ನಮ್ಮ ಅಳಿಯ' ಅನ್ನಿ ಸಾಕು," ಎಂದು ಕೇಳಿಕೊಂಡಿದ್ದಳು. "ಯಾರು ಸಾಯೋದ್ರೊಳಗೆ?" ಎಂದು ಮಾವ ವಿಚಾರಿಸಿದ್ದರು.

ಅತ್ತೆಯ ಕಾಲುಗಳು ಸೋತ ಮೇಲೆ ಅತ್ತೆ ಮಾವ ಇಬ್ಬರೂ ಮಗಳ ಮನೆಗೇ ಬಂದಿದ್ದರು. ಅತ್ತೆಗೆ ಗಾಲಿಕುರ್ಚಿಯೇ ಗತಿ. ಮೈಯಲ್ಲಿ ಮಾಂಸ ಕರಗಿ ಮೂಳೆ ಉಳಿದಿತ್ತು. ಕೂತು ಕೂತು ಹುಣ್ಣಾಗಿ, ವಾಸಿಯಾಗಿ, ಮತ್ತೆ ಹುಣ್ಣಾಗುತ್ತಿತ್ತು. ಯಾವ ಕುಶನ್ ತಂದರೂ ಮೊದಮೊದಲು ಹಿತ, ಆಮೇಲೆ ಹಲಗೆ. ಗಳಿಗೆಗೊಂದು ಸಾರಿ ಅತ್ತೆ "ಸ್ವಲ್ಪ ಎತ್ರೀ" ಅನ್ನುವರು. ಮಾವ ಹಿಂದಿನಿಂದ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ, ಪಕ್ಕಕ್ಕೆ ಸರಿಸಿ, "ರೈಟ್!" ಅನ್ನುವರು. ಹೀಗೆ ದಿನವಿಡೀ ಆ ಮನೆಯಲ್ಲಿ ಬಸ್ಸಿಲ್ಲದೆ "ರೈಟ್" ಕೇಳಿಸುತ್ತಿತ್ತು.

ಹೀಗಿರುವಾಗ ಸಂಸ್ಥೆಯ ಒತ್ತಡದ ಮೇಡಂ ಟಪಾಲು ವಿಭಾಗಕ್ಕೆ ಬಂದರು.

ಮೇಡಂ ದೊಡ್ಡ ಸಂಶೋಧಕಿ. ಕ್ಯಾಂಟೀನಿನಲ್ಲಿ ಬ್ರೆಡ್ಡು ಕೊಟ್ಟರೆ ಮೊದಲು ಬೆರಳಿನಿಂದ ಒತ್ತಿ, ಅದು ಎಷ್ಟು ಮೇಲೆದ್ದು ಬರುತ್ತದೆ ಎಂದು ನೋಡಿ ಆಮೇಲೆ ತಿನ್ನುವ ಸ್ವಭಾವ. ಅವರು ಆಗ ಹಿಡಿದಿದ್ದ ಕೆಲಸ ಗಾಲಿಕುರ್ಚಿಯ ಕುಶನ್ನಿನದು. ಕೆಳಗೆ ಸ್ಪಂಜು, ಮೇಲೆ ಗಟ್ಟಿ ಎಣ್ಣೆ ತುಂಬಿದ ತೆಳು ಚೀಲ. ಕೂತಾಗ ಸ್ಪಂಜು ಕುಗ್ಗಬೇಕು, ಎಣ್ಣೆ ಮೂಳೆಯ ಕೆಳಗಿನಿಂದ ನಿಧಾನವಾಗಿ ಸರಿದು ಸುತ್ತಲೂ ಹಂಚಿಕೊಳ್ಳಬೇಕು. ಯಂತ್ರ ಅದನ್ನು ಸಾವಿರಾರು ಸಲ ಒತ್ತಿ ನೋಡುತ್ತಿತ್ತು. ತೊಂದರೆ ಏನೆಂದರೆ ಯಂತ್ರಕ್ಕಿದ್ದದ್ದು ದುಂಡನೆಯ ಕಬ್ಬಿಣದ ತಟ್ಟೆ. ತಟ್ಟೆಯ ಕೆಳಗೆ ಎಲ್ಲ ಕುಶನ್ನೂ ಚೆನ್ನಾಗಿಯೇ ಇರುತ್ತಿದ್ದವು. ಮನುಷ್ಯರು ಕೂತರೆ ಮಾತ್ರ ಕೈಕೊಡುತ್ತಿದ್ದವು. ದೇವರು ಮನುಷ್ಯನಿಗೆ ಆ ಜಾಗದಲ್ಲಿ ತಟ್ಟೆ ಕೊಟ್ಟಿಲ್ಲವಲ್ಲ.

ಅದಕ್ಕೇ ಮೇಡಂ ಒತ್ತಡ ಅಳೆಯುವ ಒಂದು ಹಾಳೆಯನ್ನು ಸಂಸ್ಥೆಯ ಎಲ್ಲರ ಕುರ್ಚಿಯ ಮೇಲೂ ಹಾಸಿ ನೋಡುತ್ತಾ ಬಂದಿದ್ದರು. ನಿರ್ದೇಶಕರು ಎಡಕ್ಕೆ ವಾಲಿದ್ದರು. ಲೆಕ್ಕಪತ್ರದವರು ತುದಿಯಲ್ಲಿ ಕೂತಿದ್ದರು. ಸಂಶೋಧಕರಂತೂ ಒಬ್ಬರೂ ನೆಟ್ಟಗೆ ಕೂರಲಿಲ್ಲ. ಗುಮಾಸ್ತನನ್ನು ಕೂರಿಸಿದಾಗ ಮೇಡಂ ಕೈಯಲ್ಲಿದ್ದ ಪರದೆಯ ಮೇಲೆ ಮೂಳೆ ಒತ್ತಿದಲ್ಲಿ ಎರಡು ಕೆಂಪು ಚುಕ್ಕೆ ಮೂಡಿದವು, ಒಂದಕ್ಕೊಂದು ಸರಿಸಮ, ಮಧ್ಯಾಹ್ನದವರೆಗೆ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಅದ್ಭುತ!" ಎಂದರು ಮೇಡಂ.

ತನ್ನ ಇಡೀ ಸೇವಾವಧಿಯಲ್ಲಿ ಈ ಶಬ್ದ ತನ್ನ ಕಡೆಗೆ ಬಂದದ್ದನ್ನು ಗುಮಾಸ್ತ ಕಂಡಿರಲಿಲ್ಲ. ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ.

"ತಿರುಗಬೇಡಿ, ತಿರುಗಬೇಡಿ. ನೀವೇ. ಕಾಯಿಲೆಯವರಿಗೆ ಮಾಂಸ ಕರಗಿ ಮೂಳೆ ಎದ್ದು ನಿಲ್ಲುತ್ತೆ. ನಿಮಗೆ ಹುಟ್ಟಿನಿಂದ ಹಾಗೇ ಇದೆ. ಇಷ್ಟು ಸ್ಪಷ್ಟವಾದ ಮೂಳೆ ಈ ಸಂಸ್ಥೆಯಲ್ಲಿ ಇನ್ನೊಬ್ಬರಿಗಿಲ್ಲ. ನಿಮ್ಮ ಅಚ್ಚು ತೆಗೆದು ಲೋಹದಲ್ಲಿ ಎರಕ ಹೊಯ್ದು ಯಂತ್ರಕ್ಕೆ ಕೂರಿಸ್ತೀವಿ. ದಯವಿಟ್ಟು ಇಲ್ಲ ಅನ್ನಬೇಡಿ."

ಗುಮಾಸ್ತನಿಗೆ ಇಲ್ಲ ಅಂದು ಅಭ್ಯಾಸವಿರಲಿಲ್ಲ. ತೆಳುವಾದ ಚಡ್ಡಿ ತೊಟ್ಟು, ಹಸಿ ಪ್ಲಾಸ್ಟರ್ ತುಂಬಿದ ಪೆಟ್ಟಿಗೆಯಲ್ಲಿ, ಅದು ಗಟ್ಟಿಯಾಗುವವರೆಗೆ ಕೂತ. ಕಚೇರಿ ಸಮಯದಲ್ಲೇ ಆದದ್ದರಿಂದ ಅವನಿಗೆ ಕಷ್ಟವೆನಿಸಲಿಲ್ಲ.

ಸಂಜೆ ಮನೆಗೆ ಬಂದಾಗ ಪ್ಯಾಂಟಿಗೆ ಬಿಳಿ ಪುಡಿ ಮೆತ್ತಿತ್ತು. ಹೆಂಡತಿ ಅಡುಗೆಮನೆಯಿಂದ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ರೀ ಇದು, ಸುಣ್ಣ?"

"ಪ್ಲಾಸ್ಟರು. ನನ್ನ ಅಚ್ಚು ತೆಗೆದ್ರು."

"ಅಚ್ಚಾ? ಯಾಕೆ?"

"ಎರಕ ಹೊಯ್ಯೋಕೆ. ಲೋಹದಲ್ಲಿ."

"ನಿಮ್ಮದನ್ನಾ?"

"ನನ್ನದನ್ನೇ. ಎಲ್ಲರನ್ನೂ ನೋಡಿದ್ರು. ನಿರ್ದೇಶಕರದ್ದೂ ಆಗಲ್ಲ ಅಂದ್ರು. ನನ್ನದೇ ಸರಿ ಅಂತ ಮೇಡಂ ಹೇಳಿದ್ರು."

"ಎಲ್ಲಿಡ್ತಾರೆ?"

"ನಮ್ಮಲ್ಲೇ. ದೊಡ್ಡ ಹಾಲ್‌ನಲ್ಲಿ."

ಹೆಂಡತಿಯ ಕೈ ಸೊಂಟದಿಂದ ಇಳಿಯಿತು. ಅವಳ ಮುಖದಲ್ಲಿ ಬೆಳಕು ಬಂದದ್ದನ್ನು ಗುಮಾಸ್ತ ನೋಡಿದ. ಈ ಸಂಭಾಷಣೆಯಲ್ಲಿ ಅವನು ಒಂದೇ ಒಂದು ಸುಳ್ಳು ಹೇಳಿರಲಿಲ್ಲ ಎಂಬುದನ್ನು ನ್ಯಾಯಸ್ಥರು ಗಮನಿಸಬೇಕು. ಯಾವ ಭಾಗ ಎಂದು ಅವಳು ಕೇಳಲಿಲ್ಲ. ಅವನು ಹೇಳುವುದರೊಳಗೆ ಅವಳು "ಅಪ್ಪಾ!" ಎಂದು ಕೂಗುತ್ತಾ ಕೆಳಗಿನ ಕೋಣೆಗೆ ಇಳಿದುಬಿಟ್ಟಿದ್ದಳು.

ಇಲಿ ಹೋಯಿತೆಂದರೆ ಹುಲಿ ಹೋಯಿತು ಅನ್ನುವ ಜನ ನಮ್ಮವರು; ಇಲ್ಲಿ ಹುಲಿಯೇ ಹೋಗಿತ್ತು. ಮರುದಿನ ಬೆಳಿಗ್ಗೆ ಹಾಲಿನಂಗಡಿಯ ಮುಂದೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಅವನ ಕೈ ಹಿಡಿದುಕೊಂಡರು.

"ಕೇಳಿ ಬಹಳ ಸಂತೋಷ ಆಯ್ತು. ಪ್ರತಿಮೆ ಕಂಚಿನದೇನು?"

"ಅಲ್ಯುಮಿನಿಯಂ."

"ಹೋಗ್ಲಿ, ಕಿಲುಬು ಹಿಡಿಯಲ್ಲ. ಪೂರ್ತಿ ಆಳೋ, ಎದೆಮಟ್ಟವೋ?"

"ಪೂರ್ತಿ ಅಲ್ಲ ಮೇಷ್ಟ್ರೇ. ಎದೆಮಟ್ಟವೂ ಅಲ್ಲ."

"ಗೊತ್ತಾಯ್ತು ಬಿಡಿ, ಸೊಂಟದವರೆಗೆ."

"ಸೊಂಟದವರೆಗೆ... ಹೌದು."

ಯಾವ ಕಡೆಯಿಂದ ಸೊಂಟದವರೆಗೆ ಎಂದು ಮೇಷ್ಟ್ರು ಕೇಳಲಿಲ್ಲ. "ನಿಂತ ಭಂಗಿಯೋ, ಕೂತ ಭಂಗಿಯೋ?" ಎಂದರು.

"ಕೂತದ್ದು."

"ಆಹಾ! ಕೂತ ಪ್ರತಿಮೆ ಎಲ್ಲರಿಗೂ ಮಾಡಲ್ಲ ಇವರೇ. ನಿಂತವರನ್ನ ಚೌಕಕ್ಕೊಬ್ಬರಂತೆ ನೋಡಬಹುದು. ಕೂರಿಸಬೇಕಾದ್ರೆ ಗಾಂಭೀರ್ಯ ಬೇಕು."

ಕಟಿಂಗ್ ಶಾಪಿನವನು ಅವನನ್ನು ಕನ್ನಡಿಯ ಮುಂದೆ ಕೂರಿಸಿ, ಮುಖವನ್ನು ಅತ್ತ ಇತ್ತ ತಿರುಗಿಸಿ, "ಅಚ್ಚು ತೆಗೆಯೋಕೆ ಮುಂಚೆ ನನ್ನ ಹತ್ರ ಬರಬಾರದಾ ಸಾರ್? ಮೀಸೆ ಒಂದು ಕಡೆ ತಗ್ಗಿದೆ. ಲೋಹದಲ್ಲಿ ಬಂದ್ರೆ ಶಾಶ್ವತವಾಗಿ ತಗ್ಗಿರುತ್ತೆ," ಎಂದು ನೊಂದುಕೊಂಡ. ಬಡಾವಣೆಯ ಸಂಘದ ಅಧ್ಯಕ್ಷರು ಮನೆಗೇ ಬಂದರು. ಬಡಾವಣೆಯಿಂದ ಇದುವರೆಗೆ ಯಾರೂ ಪ್ರತಿಮೆಯಾಗಿರಲಿಲ್ಲ. ತಾವೇ ಮೊದಲಿಗರಾಗಬಹುದೆಂದು ಅವರಿಗೆ ಸಣ್ಣ ಆಸೆಯಿತ್ತು. ಅದನ್ನು ನುಂಗಿಕೊಂಡು, ಅನಾವರಣದ ದಿನ ಭಾಷಣ ತಮ್ಮದೇ ಎಂದು ಹೇಳಿ ಎದ್ದರು.

ಅವರನ್ನು ಬಾಗಿಲವರೆಗೆ ಕಳಿಸಲು ಹೋದವರು ಮಾವ. ಅಲ್ಲಿ ನಿಂತು ಅವರು ಹೇಳಿದ್ದು ಒಳಗಿನವರಿಗೆಲ್ಲ ಕೇಳಿಸಿತು.

"ನೀವು ಬರಲೇಬೇಕು. ನಮ್ಮ ಅಳಿಯಂದಿರ ಪ್ರತಿಮೆ ಅಂದ್ರೆ ಸುಮ್ಮನೆ ಅಲ್ಲ."

ಗುಮಾಸ್ತನ ಹೆಂಡತಿ ಮಡಚುತ್ತಿದ್ದ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಗುಮಾಸ್ತ ಹಿಂದೆಯೇ ಹೋದ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದದ್ದು. ಅವಳು ಸಿಂಕಿನ ಕಡೆ ತಿರುಗಿ ನಿಂತಿದ್ದಳು.

"ಕೇಳಿಸ್ತೇನ್ರೀ? ನಮ್ಮ ಅಳಿಯಂದಿರು ಅಂದ್ರು. ಅಂದಿರು ಬೇರೆ ಸೇರಿಸಿದ್ರು."

"ಕೇಳಿಸ್ತು," ಅಂದ ಗುಮಾಸ್ತ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಇಷ್ಟು ವರ್ಷ ಕಾದ ಮಾತನ್ನು ಬಂದ ದಿನವೇ ಕಿತ್ತುಕೊಳ್ಳುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ.

ಅತ್ತ ಅಧ್ಯಕ್ಷರು ಒಂದೆರಡು ತಿಂಗಳು ಕಾದು ನೋಡಿ, ಆಮೇಲೆ ಸುಮ್ಮನಿರಲಾರದೆ ಸಂಸ್ಥೆಗೆ ಫೋನು ಮಾಡಿ ಅನಾವರಣ ಯಾವಾಗ ಎಂದು ವಿಚಾರಿಸಿದರು. ನಿರ್ದೇಶಕರಿಂದ ಗುಮಾಸ್ತನಿಗೆ ಕರೆ ಬಂತು.

"ಏನ್ರೀ ಇದು? ಈ ಸಂಸ್ಥೆಯಲ್ಲಿ ಪ್ರತಿಮೆ ಇರೋದು ಒಬ್ಬರದ್ದೇ, ಸಂಸ್ಥಾಪಕರದ್ದು. ಅದೂ ಅವರು ತೀರಿಕೊಂಡ ಮೇಲೆ. ನೀವು ಬದುಕಿದ್ದೀರಿ ತಾನೆ?"

"ಇದ್ದೀನಿ ಸಾರ್, ಸದ್ಯಕ್ಕೆ."

ಆಮೇಲೆ ಗುಮಾಸ್ತ ನೆಲ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದ. ನಿರ್ದೇಶಕರು ಗಂಭೀರವಾಗಿ ಕೇಳಿಸಿಕೊಂಡರು, ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು. ಕೊನೆಗೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ತಿರುಗಿದರು.

"ಬರೋ ಭಾನುವಾರ ಸಾರ್ವಜನಿಕರಿಗೆ ಸಂಸ್ಥೆ ತೆರೆದಿರುತ್ತೆ. ಅವತ್ತೇ ಬರಲಿ ಬಿಡಿ. ವಿಜ್ಞಾನದಲ್ಲಿ ಮುಚ್ಚುಮರೆ ಇರಬಾರದು."

ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುವುದು ಎಂದು ನಮ್ಮಲ್ಲೊಂದು ಮಾತಿದೆ. ಅದನ್ನು ಬಳಸಲು ಇದಕ್ಕಿಂತ ತಕ್ಕ ಸಂದರ್ಭ ಸಿಗಲಾರದು. ಕೂತಲ್ಲಿಂದ ಕದಲದ ನಮ್ಮ ಪೇಪರ್‌ವೇಟು ಆ ವಾರವೆಲ್ಲ ಮನೆಯಲ್ಲಿ ಮೇಲೆ ಕೆಳಗೆ ಓಡಾಡಿದ. ಜ್ವರ ಬಂದಿದೆ, ಭಾನುವಾರ ಬರಲಾಗದು ಎಂದು ಹೇಳಿ ನೋಡಿದ. "ಪರವಾಗಿಲ್ಲ ಅಳಿಯಂದಿರೇ, ಮಲಗಿ. ಪ್ರತಿಮೆ ಅಲ್ಲೇ ಇರುತ್ತಲ್ಲ, ನಾವು ನೋಡ್ಕೊಂಡು ಬರ್ತೀವಿ," ಎಂದರು ಮಾವ. ಜ್ವರ ತಕ್ಷಣ ಬಿಟ್ಟಿತು.

ಕೊನೆಗೆ ಶನಿವಾರ ಮಧ್ಯಾಹ್ನ, ಮಾವ ಔಷಧಿ ತರಲು ಹೋಗಿದ್ದಾಗ, ಅವನು ಅತ್ತೆಯ ಗಾಲಿಕುರ್ಚಿಯ ಪಕ್ಕ ಮೋಡ ಕವಿದ ಮುಖ ಹೊತ್ತು ಕೂತ.

"ಅತ್ತೆ, ಒಂದು ವಿಷಯ."

"ಹೇಳಪ್ಪಾ. ಅದಕ್ಕೆ ಮುಂಚೆ ನನ್ನ ಸ್ವಲ್ಪ ಎತ್ತು."

ಎತ್ತಿ ಸರಿಯಾಗಿ ಕೂರಿಸಿದ. ಅತ್ತೆ ಹಲ್ಲು ಕಚ್ಚಿ, ಉಸಿರು ಬಿಟ್ಟು, "ಈಗ ಹೇಳು," ಎಂದರು.

"ಅದು ಪ್ರತಿಮೆ ಅಲ್ಲ ಅತ್ತೆ."

"ಮತ್ತೆ?"

"ಅಂದ್ರೆ, ನನ್ನದೇ. ಆದರೆ ಮುಖದ್ದಲ್ಲ." ಅವನು ಎದ್ದು ನಿಂತು, ಒಂದು ಸಲ ಹಿಂದೆ ತಿರುಗಿ, ಮತ್ತೆ ಮುಂದೆ ತಿರುಗಿದ. ಬಾಯಲ್ಲಿ ಹೇಳಲು ಅವನಿಗೆ ಮರ್ಯಾದೆ ಅಡ್ಡಬಂತು.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಗತೊಡಗಿದರು. ಎಷ್ಟು ನಕ್ಕರೆಂದರೆ ಗಾಲಿಕುರ್ಚಿ ತಾನಾಗಿ ಅರ್ಧ ಅಡಿ ಹಿಂದಕ್ಕೆ ಉರುಳಿತು. ಗುಮಾಸ್ತ ಓಡಿ ಹೋಗಿ ಹಿಡಿದುಕೊಳ್ಳಬೇಕಾಯಿತು. ಅತ್ತೆ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಅವನಿಗೂ ನಗು ಬಂತು, ಜತೆಗೆ ಅಳುವೂ ಬಂತು.

"ನಾನು ಮಾವನವರಿಗೆ ಇವತ್ತೇ ಹೇಳಿಬಿಡ್ತೀನಿ ಅತ್ತೆ. ನಾಳೆ ಎಲ್ಲರ ಮುಂದೆ ನಿಮ್ಮ ಮಗಳ ಮುಖಕ್ಕೆ ಮಸಿ ಬಳಿಯೋದು ಬೇಡ."

"ಹೇಳಬೇಡ, ನನ್ನಾಣೆ." ಅತ್ತೆ ಅವನ ಕೈ ಹಿಡಿದುಕೊಂಡರು. "ಹೇಳಿದ್ರೆ ನಾಳೆ ಯಾರೂ ಹೋಗಲ್ಲ. ನನಗೆ ಹೋಗಬೇಕು. ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿಲ್ಲ, ಹೋಗಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಇದನ್ನ ಮಾತ್ರ ನೋಡಬೇಕು."

ಬೇರೆ ಯಾರು ಕೇಳಿದ್ದರೂ ಗುಮಾಸ್ತ ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದನೋ ಏನೋ. ಅತ್ತೆ ಹೊರಗೆ ಹೋಗಬೇಕು ಅಂದಿದ್ದರು. ಅವನು ತಲೆಯಾಡಿಸಿದ.

ಭಾನುವಾರ ಮೆರವಣಿಗೆ ಹೊರಟಿತು. ಮುಂದೆ ಅತ್ತೆಯ ಗಾಲಿಕುರ್ಚಿ, ಅದನ್ನು ತಳ್ಳುತ್ತಾ ಇಸ್ತ್ರಿ ಮಾಡಿದ ಕೋಟಿನಲ್ಲಿ ಮಾವ, ಪಕ್ಕದಲ್ಲಿ ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟ ಹೆಂಡತಿ, ಹೂಗುಚ್ಛ ಹಿಡಿದ ಅಧ್ಯಕ್ಷರು, ಡ್ರಾಯಿಂಗ್ ಮೇಷ್ಟ್ರು, ಅಂಗಡಿ ಮುಚ್ಚಿ ಬಂದ ಕಟಿಂಗ್ ಶಾಪಿನವನು. ಎಲ್ಲರಿಗಿಂತ ಹಿಂದೆ, ಬಲಿಗೆ ಹೊರಟ ಕುರಿಯ ಹಾಗೆ, ಗುಮಾಸ್ತ.

ಸಂಸ್ಥೆಯ ಬಾಗಿಲು ದಾಟಿದೊಡನೆ ಎದುರಿಗೇ ಸಂಸ್ಥಾಪಕರ ಪ್ರತಿಮೆ ಇತ್ತು. ಎದೆಮಟ್ಟದ್ದು, ಉದ್ದ ಗಡ್ಡ, ಬೋಳು ತಲೆ. ಮೆರವಣಿಗೆ ಅಲ್ಲೇ ನಿಂತಿತು. ಎಲ್ಲರೂ ತಲೆಯೆತ್ತಿ ನೋಡಿದರು.

"ಗಂಭೀರವಾಗಿ ಬಂದಿದೆ," ಎಂದರು ಅಧ್ಯಕ್ಷರು ಕೊನೆಗೆ.

"ಮೀಸೆ ಸರಿಮಾಡಿದ್ದಾರೆ," ಎಂದ ಕಟಿಂಗ್ ಶಾಪಿನವನು ಸಮಾಧಾನದಿಂದ. "ಕೂದಲು ಮಾತ್ರ ಯಾರು ತೆಗೆದ್ರೋ ಪೂರ್ತಿ ಬೋಳಿಸಿದ್ದಾರೆ."

ಮಾವ ಪ್ರತಿಮೆಯನ್ನೂ ಅಳಿಯನನ್ನೂ ಬದಲಿಸಿ ಬದಲಿಸಿ ನೋಡಿದರು. "ಅಳಿಯಂದಿರೇ, ಈ ಗಡ್ಡ ಯಾವಾಗ ಬಿಟ್ಟಿದ್ದಿರಿ? ನಾನು ನೋಡಲೇ ಇಲ್ಲವಲ್ಲ."

"ಕಲಾವಿದನಿಗೆ ಅಷ್ಟು ಸ್ವಾತಂತ್ರ್ಯ ಇರುತ್ತೆ," ಎಂದು ಡ್ರಾಯಿಂಗ್ ಮೇಷ್ಟ್ರು ತಿಳಿಹೇಳಿದರು. ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ಬಾಯಿ ತೆರೆಯುವುದಕ್ಕೂ ಒತ್ತಡದ ಮೇಡಂ ಓಡಿ ಬರುವುದಕ್ಕೂ ಸರಿಹೋಯಿತು.

"ಬಂದ್ರಾ? ಬನ್ನಿ ಬನ್ನಿ. ಇದಲ್ಲ, ನಿಮ್ಮವರದ್ದು ಒಳಗಿದೆ. ಬೆಳಿಗ್ಗೆಯಿಂದ ಕೆಲಸ ಮಾಡ್ತಾ ಇದೆ!"

ಪ್ರತಿಮೆ ಕೆಲಸ ಮಾಡುವುದೆಂದರೇನೆಂದು ಯಾರಿಗೂ ಅರ್ಥವಾಗಲಿಲ್ಲ. ಹಾಲ್‌ನೊಳಗೆ ಹೋದರು. ನಡುವೆ ಒಂದು ಎತ್ತರದ ಯಂತ್ರ. ಯಂತ್ರದ ತೋಳಿನ ತುದಿಯಲ್ಲಿ, ಬೆಳ್ಳಗೆ ಹೊಳೆಯುತ್ತಾ, ಆ ವಸ್ತು. ಕೆಳಗಿಳಿದು ಕುಶನ್ನಿನ ಮೇಲೆ ಧಡಕ್ಕೆಂದು ಕೂರುವುದು, ಕುಶನ್ನು ಉಸ್ಸೆನ್ನುವುದು, ಅದು ಮತ್ತೆ ಏಳುವುದು. ಧಡಕ್, ಉಸ್. ಧಡಕ್, ಉಸ್.

ಉಳಿದವರು ಇನ್ನೂ ಸುತ್ತಮುತ್ತ ಪ್ರತಿಮೆ ಹುಡುಕುತ್ತಿದ್ದರು. ಗುಮಾಸ್ತನ ಹೆಂಡತಿ ಮಾತ್ರ ಯಂತ್ರದ ಮುಂದೆ ಕಾಲು ನೆಟ್ಟವಳ ಹಾಗೆ ನಿಂತಳು. ಒಂದು ಸಲ ಏಳುವುದನ್ನು ನೋಡಿದಳು, ಇನ್ನೊಂದು ಸಲ ಕೂರುವುದನ್ನು ನೋಡಿದಳು.

"ಅಯ್ಯೋ!" ಎಂದಳು. "ಇದು ನಮ್ಮನೆಯವರು!"

ಹೆಂಡತಿಯ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ಇಲ್ಲ. ಎಲ್ಲರ ಕಣ್ಣೂ ಯಂತ್ರಕ್ಕೆ ಹೋದವು, ಅಲ್ಲಿಂದ ಗುಮಾಸ್ತನಿಗೆ ಬಂದವು, ಅವನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರಿಂದ ಹೋಲಿಸಿ ನೋಡಲಾಗದೆ ಮತ್ತೆ ಯಂತ್ರಕ್ಕೆ ಹೋದವು. ಕಟಿಂಗ್ ಶಾಪಿನವನು ತಲೆ ತಗ್ಗಿಸಿದ. ಡ್ರಾಯಿಂಗ್ ಮೇಷ್ಟ್ರು "ಸೊಂಟದವರೆಗೆ..." ಎಂದು ತಮಗೆ ತಾವೇ ಹೇಳಿಕೊಂಡರು. ಅಧ್ಯಕ್ಷರು ಹೂಗುಚ್ಛವನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಮಾವನ ಮುಖ ಕೆಂಪಾಯಿತು. "ಇದಕ್ಕಾ? ಇದಕ್ಕಾ ನಾನು ಇಡೀ ಬಡಾವಣೆಗೆ ಹೇಳಿಕೊಂಡು ಬಂದದ್ದು? ಕೋಟು ಬೇರೆ ಇಸ್ತ್ರಿ ಮಾಡಿಸಿದೆ. ಇವನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೇ ಇದು. ಅದನ್ನೇ ಲೋಹದಲ್ಲಿ ಮಾಡಿಸಿ ಇಟ್ಟಿದ್ದಾನಲ್ಲ!"

ಮತ್ತೆ "ಇವನು" ಬಂದಿತ್ತು. ಗುಮಾಸ್ತನಿಗೆ ತನ್ನ ಬಗ್ಗೆ ಏನೂ ಅನ್ನಿಸಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಕೆಳತುಟಿಯನ್ನು ಹಲ್ಲಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ಭೂಮಿ ಬಾಯಿ ಬಿಟ್ಟರೆ ತಾನೊಬ್ಬನೇ ಇಳಿಯುತ್ತೇನೆ, ಅವಳನ್ನು ಇಲ್ಲೇ ಬಿಡಲಿ ಎಂದುಕೊಂಡ.

"ನನ್ನ ತಪ್ಪು ಮಾವ," ಎಂದ. "ಅವಳಿಗೂ ನಾನು ಹೇಳಿರಲಿಲ್ಲ. ಬಯ್ಯೋದಾದರೆ ನನ್ನ ಬಯ್ಯಿರಿ."

ಸಂಶೋಧಕರಿಗೆ ಲೋಹದ ಒತ್ತಡ ತಿಳಿದಷ್ಟು ಮನೆಯ ಒತ್ತಡ ತಿಳಿಯುವುದಿಲ್ಲ. ಮೇಡಂ ಉತ್ಸಾಹದಿಂದ ಮುಂದುವರಿಸಿದರು. "ಇವರು ಬರೋಕೆ ಮುಂಚೆ ನಮ್ಮ ಕುಶನ್ ಎಲ್ಲಾ ತಟ್ಟೆಗೆ ಮಾಡಿದ್ದವು. ಇವರ ಮೂಳೆ ಕೆಳಗೆ ಇಟ್ಟು ಒತ್ತಿದ ಮೇಲೆ ತಾನೆ ಗೊತ್ತಾಗಿದ್ದು, ಎಣ್ಣೆ ಯಾವ ಕಡೆ ಸರಿಯುತ್ತೆ, ಸ್ಪಂಜು ಎಲ್ಲಿ ಸೋಲುತ್ತೆ ಅಂತ! ಎಷ್ಟೋ ಕುಶನ್ ಹಾಳಾದವು. ಈಗ ಒಂದು ನಿಂತಿದೆ. ಸಾವಿರಾರು ಸಲ ಒತ್ತಿದ್ದೀವಿ, ಇನ್ನೂ ಸೋತಿಲ್ಲ. ಅದರ ಜತೆಯದ್ದು ಇಲ್ಲಿದೆ ನೋಡಿ. ಯಾರಾದರೂ ಕೂತು ನೋಡ್ತೀರಾ?"

ಆ ಸನ್ನಿವೇಶದಲ್ಲಿ ಅದರ ಮೇಲೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ.

"ನನ್ನ ಕೂರಿಸಿ," ಎಂದರು ಅತ್ತೆ.

"ನೀನು ಸುಮ್ನಿರೇ," ಎಂದರು ಮಾವ.

"ನೀವು ಸುಮ್ನಿರಿ. ಎತ್ತಿ."

ದಿನವಿಡೀ ಎತ್ತಿದ ಅಭ್ಯಾಸ, ಮಾವನ ಕೈ ತಾನಾಗಿಯೇ ಕಂಕುಳಿಗೆ ಹೋಯಿತು. ಸಿಟ್ಟಿನಲ್ಲೇ ಎತ್ತಿ ಹಿಡಿದರು. ಗುಮಾಸ್ತ ಓಡಿ ಬಂದು ಹಳೆಯ ಕುಶನ್ ತೆಗೆದು ಹೊಸದನ್ನು ಹಾಸಿದ. ಮಾವ ಮೆಲ್ಲಗೆ ಇಳಿಸಿದರು. "ರೈಟ್" ಎನ್ನಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಅತ್ತೆ ಹಲ್ಲು ಕಚ್ಚಿ, ಕುರ್ಚಿಯ ತೋಳು ಬಿಗಿಹಿಡಿದು, ನೋವಿಗೆ ಕಾದರು. ಕಾಯುತ್ತಲೇ ಇದ್ದರು. ಮೊದಲು ಹಲ್ಲು ಸಡಿಲವಾಯಿತು. ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು ಕೈ. "ಏನೇ?" ಎಂದು ಮಾವ ಬಗ್ಗಿ ಕೇಳಿದರು. ಅತ್ತೆ ಅಳಿಯನ ಕಡೆ ನೋಡಿ ಸುಮ್ಮನೆ ನಕ್ಕರು. ಬೆನ್ನನ್ನು ಹಿಂದಕ್ಕೆ ಒರಗಿಸಿದರು. ಆ ಕುರ್ಚಿಗೆ ಬೆನ್ನು ಎಂಬುದೊಂದು ಇದೆ ಎಂದು ಅವತ್ತೇ ಅವರಿಗೆ ತಿಳಿದ ಹಾಗಿತ್ತು.

ಮೇಡಂ ಇನ್ನೂ ವಿವರಿಸುತ್ತಿದ್ದರು. ಮಾವ ಕುರ್ಚಿಯ ಹಿಂದೆ ಎರಡೂ ಕೈ ಸಿದ್ಧ ಮಾಡಿಕೊಂಡು ನಿಂತಿದ್ದರು. "ಸ್ವಲ್ಪ ಎತ್ರೀ" ಎಂಬ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಅವರ ಕಿವಿ ಕಾಯುತ್ತಿತ್ತು. ಬರಲಿಲ್ಲ. ಮೇಡಂ ಸ್ಪಂಜಿನ ವಿಚಾರ ಮುಗಿಸಿ ಎಣ್ಣೆಗೆ ಬಂದರು. ಆಗಲೂ ಬರಲಿಲ್ಲ. ಮಾವ ಗಾಬರಿಯಾಗಿ ಮುಂದೆ ಬಂದು ಹೆಂಡತಿಯ ಮುಖಕ್ಕೆ ಮುಖ ತಂದು ನೋಡಿದರು.

ಅತ್ತೆ ನಿದ್ದೆ ಹೋಗಿದ್ದರು. ಕೂತಲ್ಲೇ, ಬಾಯಿ ಸ್ವಲ್ಪ ತೆರೆದು, ಅಷ್ಟು ಜನರ ನಡುವೆ.

ಮಾವ ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ಅವರು ನೆಟ್ಟಗಾದಾಗ ಮುಖದ ಕೆಂಪು ಇಳಿದ ಹಾಗಿತ್ತು, ಕಣ್ಣಿನದು ಏರಿತ್ತು. ಅಧ್ಯಕ್ಷರು ಇದೇ ಸಮಯವೆಂದು "ಮಾನ್ಯರೇ..." ಎಂದು ಶುರುಮಾಡಿದರು. ಮಾವ ತುಟಿಯ ಮೇಲೆ ಬೆರಳಿಟ್ಟು, ತುಂಬಿದ ಬಸ್ಸನ್ನು ಹತೋಟಿಯಲ್ಲಿಟ್ಟ ಕಣ್ಣಿನಿಂದ ಅವರನ್ನು ನೋಡಿದರು. ಅಧ್ಯಕ್ಷರು ಭಾಷಣವನ್ನೂ ನುಂಗಿಕೊಂಡರು. ಹಾಲ್ ನಿಶ್ಶಬ್ದವಾಯಿತು. ಯಂತ್ರ ಮಾತ್ರ ತನ್ನ ಪಾಡಿಗೆ ಏಳುತ್ತಿತ್ತು, ಕೂರುತ್ತಿತ್ತು. ಧಡಕ್, ಉಸ್.

ಮಾವ ತುದಿಗಾಲಿನಲ್ಲಿ ಮೇಡಂ ಹತ್ತಿರ ಹೋದರು. ಮಗಳಿಗೂ ಅಳಿಯನಿಗೂ ಕೇಳಿಸುವಷ್ಟು ಹತ್ತಿರದಲ್ಲೇ ಹೋದದ್ದು. ಹೊಳೆಯುವ ಆ ಅಲ್ಯುಮಿನಿಯಮ್ಮಿನ ಕಡೆ ಕೈ ತೋರಿಸಿ, ಪಿಸುಮಾತಿನಲ್ಲಿ ಕೇಳಿದರು:

"ಸ್ವಲ್ಪ ಹೊತ್ತು ನಿಲ್ಲಿಸೋಕೆ ಆಗುತ್ತಾ ಅಮ್ಮಾ? ಬೆಳಿಗ್ಗೆಯಿಂದ ಒಂದೇ ಸಮ ದುಡೀತಾ ಇದ್ದಾರೆ, ಪಾಪ, ನಮ್ಮ ಅಳಿಯ."